ನಲವತ್ತರ ಗೆರೆ

ಮಠದ ಪ್ರಸಾದನಿಲಯಗಳಲ್ಲಿ ಉಂಡು, ಓದಿ, ಇಂದು ನಾಡಿನ ನಾನಾ ಕಡೆಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಈ ಪತ್ರಿಕೆಯ ವಾಚಕರಲ್ಲಿ ಬಹುಮಂದಿ ಇದ್ದಾರೆ. ಅವರಲ್ಲಿ ಸರ್ಕಾರಿ ನೌಕರಿಯಿಂದ ನಿವೃತ್ತರಾದವರೂ ಕಡಿಮೆಯಲ್ಲ. ಅರ್ಜಿ, ಟಿಪ್ಪಣಿ, ಹಿಂಬರಹ, ಮೇಲ್ಮನವಿ ಎಂಬ ಮಾತುಗಳು ಅವರಿಗೆ ನೀರು ಕುಡಿದಷ್ಟು ಸಲೀಸು. ಅವೇ ಮಾತುಗಳು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಒಬ್ಬ ಬಡ ಅಂಗವಿಕಲನ ಎದುರಿಗೆ ಎಂಥ ಬೆಟ್ಟಗಳಾಗಿ ನಿಲ್ಲುತ್ತವೆ ಎಂಬುದನ್ನು ಕಳೆದ ಕೆಲವು ವರ್ಷಗಳಿಂದ ನಾನು ಹತ್ತಿರದಿಂದ ಕಾಣುತ್ತಿದ್ದೇನೆ. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ನನಗೆ ಈ ನಾಲ್ಕು ತಾಲ್ಲೂಕುಗಳಲ್ಲಿಯೂ ನೆಂಟರೋ ಶಿಷ್ಯರೋ ಇದ್ದಾರೆ. ಕಾಗದ ಓದಬಲ್ಲವನೆಂಬ ಒಂದೇ ಅರ್ಹತೆಯ ಮೇಲೆ ಅವರು ನನ್ನನ್ನು ಕಚೇರಿಗಳಿಗೆ ಜೊತೆಗೆ ಕರೆದೊಯ್ಯುತ್ತಾರೆ. ಹಾಗೆ ಹೋಗಿ ಬಂದು ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ನಿವೇದಿಸಬಯಸುತ್ತೇನೆ. ಇದರಿಂದ ಒಂದೆರಡು ಮನೆಗಳಿಗಾದರೂ ಉಪಯೋಗವಾದೀತೆಂಬುದು ನನ್ನ ಆಸೆ.

ಮೊದಲಿಗೆ ಒಂದು ಮಾತು. ಇವರನ್ನು ಏನೆಂದು ಕರೆಯಬೇಕೆಂಬ ವಿಷಯದಲ್ಲಿಯೇ ಸರ್ಕಾರಗಳಿಗೆ ನೆಮ್ಮದಿ ಇದ್ದಂತೆ ಕಾಣುವುದಿಲ್ಲ. ನಮ್ಮ ರಾಜ್ಯದ ಇಲಾಖೆಯ ಹೆಸರು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಅಂಗಕ್ಕೆ ಊನ ಬರಬಹುದು, ಚೇತನಕ್ಕೆ ಊನವೆಲ್ಲಿಂದ ಬಂದೀತು? ದಿಲ್ಲಿಯವರು 2015ರ ನಂತರ ದಿವ್ಯಾಂಗ ಎಂದರು. ಊರುಗೋಲು ಹಿಡಿದು ಬಸ್ಸಿನ ಮೆಟ್ಟಿಲು ಹತ್ತಲಾರದೆ ನಿಂತವನಿಗೆ ಆ ಹೆಸರು ಕೇಳಿ ನಗು ಬಂದರೆ ಅದು ಅವನ ತಪ್ಪಲ್ಲ. ನಾನು ಹಳೆಯ ಅಂಗವಿಕಲ ಎಂಬ ಪದವನ್ನೇ ಬಳಸುತ್ತೇನೆ. ಅದರಲ್ಲಿ ಹೊಗಳಿಕೆಯೂ ಇಲ್ಲ, ಮರುಕವೂ ಇಲ್ಲ.

ಇನ್ನು ವಿಷಯಕ್ಕೆ ಬರೋಣ. 1995ರ ಕಾಯಿದೆ ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 2017ರ ಏಪ್ರಿಲಿನಲ್ಲಿ ಜಾರಿಗೆ ಬಂದಮೇಲೆ ಅವು ಇಪ್ಪತ್ತೊಂದಾದವು. ರಕ್ತದ ಕಾಯಿಲೆಯಾದ ತಲಸ್ಸೀಮಿಯ, ನಡುಕದ ರೋಗವಾದ ಪಾರ್ಕಿನ್ಸನ್, ಆಸಿಡ್ ದಾಳಿಗೆ ಸಿಕ್ಕವರ ವಿಕಲತೆ ಮೊದಲಾದವು ಪಟ್ಟಿಗೆ ಸೇರಿದವು. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಫಲವಿಲ್ಲ. ವೈದ್ಯರು ಅಳೆದು ಶೇಕಡಾ ಇಷ್ಟು ಎಂದು ಬರೆದುಕೊಡಬೇಕು, ಆ ಅಂಕಿ 40ನ್ನು ಮುಟ್ಟಬೇಕು. 39 ಬಂದರೆ ಮಾಸಾಶನವಿಲ್ಲ, ನೌಕರಿಯ ಮೀಸಲಾತಿಯೂ ಇಲ್ಲ. ಗೆರೆಯ ಈಚೆ ಇರುವವನೂ ಆಚೆ ಇರುವವನೂ ಒಂದೇ ಬಗೆಯಲ್ಲಿ ಕುಂಟುತ್ತಿರಬಹುದು. ಕಚೇರಿಯ ಕಣ್ಣಿಗೆ ಒಬ್ಬನು ಅಂಗವಿಕಲ, ಇನ್ನೊಬ್ಬನು ಸಾಮಾನ್ಯ ಪ್ರಜೆ.

40ರ ಮೇಲೆ 75ರ ಬಳಿ ಇನ್ನೊಂದು ಗೆರೆ ಇದೆ. 2021ರ ಜುಲೈ ತಿಂಗಳಿನಲ್ಲಿ ರಾಜ್ಯ ಸರ್ಕಾರ 40ರಿಂದ 75ರ ನಡುವಿನವರ ಮಾಸಾಶನವನ್ನು 600 ರೂಪಾಯಿಯಿಂದ 800ಕ್ಕೆ ಏರಿಸಿತು. ಅದಕ್ಕೂ ಮೇಲ್ಪಟ್ಟವರಿಗೆ ಆಗ 1400 ರೂಪಾಯಿ ಇತ್ತು. ಈಗ ಕಾಲು ಕಳೆದುಕೊಂಡ ಇಬ್ಬರನ್ನು ಊಹಿಸಿಕೊಳ್ಳಿ. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಳತೆಯ ಮಾರ್ಗಸೂಚಿಯಂತೆ ಮೊಣಕಾಲಿನ ಕೆಳಗೆ ಕತ್ತರಿಸಿದ ಕಾಲಿಗೆ 60ರಿಂದ 70, ಮೊಣಕಾಲಿನ ಮೇಲೆ ಕತ್ತರಿಸಿದ್ದಕ್ಕೆ 80 ಅಥವಾ ಅದಕ್ಕೂ ಹೆಚ್ಚು. ಶಸ್ತ್ರವೈದ್ಯನ ಗರಗಸ ಒಂದು ಗೇಣು ಮೇಲೆ ಹೋಯಿತೋ ಕೆಳಗೆ ನಿಂತಿತೋ ಎಂಬುದರ ಮೇಲೆ ಆತನ ತಿಂಗಳ ಆದಾಯ ನಿರ್ಧಾರವಾಗುತ್ತದೆ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿಯಾಗಿದ್ದರೆ 30 ಮಾತ್ರ. ಮೆಕ್ಕೆಜೋಳ ಬಿಡಿಸುವ ಯಂತ್ರದಿಂದ ಸಿಡಿದ ಕಾಳಿಗೆ ಕಣ್ಣು ಕೊಟ್ಟ ಕೂಲಿಯಾಳು ಹತ್ತು ಕಚೇರಿ ತಿರುಗಿದರೂ ಆ 30 ಎಂಬುದು 40 ಆಗುವುದಿಲ್ಲ. ಅಂಥವನಿಗೆ ಮೇಲ್ಮನವಿ ಹಾಕಿಸಿ ಆಸೆ ಹುಟ್ಟಿಸುವುದೂ ಒಂದು ಬಗೆಯ ಹಿಂಸೆಯೇ ಸರಿ. ಅದನ್ನು ಮೊದಲೇ ಬಿಡಿಸಿ ಹೇಳಿಬಿಡುವುದು ಲೇಸು.

ಅಳತೆಯೇ ತಪ್ಪೆಂದು ನಾನು ಹೇಳುತ್ತಿಲ್ಲ. ಅಳತೆ ಇಲ್ಲದಿದ್ದರೆ ಪ್ರಭಾವಿಗಳ ಮಕ್ಕಳೇ ಮೊದಲ ಸಾಲಿನಲ್ಲಿ ನಿಂತಿರುತ್ತಿದ್ದರು. ಆದರೆ ಈ ಅಳತೆ ಅಂಗವನ್ನು ಅಳೆಯುತ್ತದೆ, ಕಾಯಕವನ್ನು ಅಳೆಯುವುದಿಲ್ಲ. ಚನ್ನಗಿರಿ ಕಡೆಯ ತೋಟಗಳಲ್ಲಿ ಅಡಿಕೆಯ ಮರ ಹತ್ತಿ ಕೊನೆ ಕೊಯ್ಯುವವನ ಪಾದಕ್ಕೆ ಊನವಾದರೆ ಅವನ ಬದುಕು ಅಂದಿಗೇ ನಿಂತಂತೆ. ಅದೇ ಊನ ಕುಳಿತು ಲೆಕ್ಕ ಬರೆಯುವ ಗುಮಾಸ್ತನಿಗೆ ಬಂದರೆ ಅವನು ಮರುವಾರವೇ ಕೆಲಸಕ್ಕೆ ಹಾಜರಾಗಬಹುದು. ಕೋಷ್ಟಕದಲ್ಲಿ ಇಬ್ಬರಿಗೂ ಒಂದೇ ಅಂಕಿ. ಜಗಳೂರಿನ ಕಡೆ ಫ್ಲೋರೈಡ್ ಬೆರೆತ ಕೊಳವೆಬಾವಿಯ ನೀರನ್ನು ಬಹುಕಾಲ ಕುಡಿದು ಕೀಲುಗಳು ಬಿಗಿದ ಮುದುಕರುಂಟು. ಇಪ್ಪತ್ತೊಂದರ ಪಟ್ಟಿಯಲ್ಲಿ ಫ್ಲೋರೋಸಿಸ್ ಎಂಬ ಹೆಸರಿಲ್ಲ. ಕೀಲಿನ ಚಲನೆ ಎಷ್ಟು ಕುಗ್ಗಿದೆ ಎಂದು ತೋರಿಸಿ ಚಲನವೈಕಲ್ಯದ ಬಾಗಿಲಿನಿಂದಲೇ ಒಳಗೆ ಹೋಗಬೇಕು. ಹಾಗೆ ಕೇಳಬಹುದೆಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತು?

ದೂರದ ಕಷ್ಟ ಬೇರೆ. 1997ರ ಆಗಸ್ಟಿನಲ್ಲಿ ದಾವಣಗೆರೆ ಜಿಲ್ಲೆ ಹುಟ್ಟುವವರೆಗೆ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ಸ್ವತಂತ್ರ ತಾಲ್ಲೂಕಾಯಿತು. ನ್ಯಾಮತಿಯವರಿಗೆ ಇಂದಿಗೂ ಶಿವಮೊಗ್ಗವೇ ಸಮೀಪ. ಸಂತೆಗೂ ಔಷಧಕ್ಕೂ ಅತ್ತ ಹೋಗುವ ಜನ ಜಿಲ್ಲೆಯ ಕೆಲಸಕ್ಕೆ ಮಾತ್ರ ಹೊನ್ನಾಳಿಯನ್ನು ದಾಟಿ ದಾವಣಗೆರೆಗೆ ಬರಬೇಕು. ಹೊನ್ನಾಳಿಯಲ್ಲಿ ಉಪವಿಭಾಗಾಧಿಕಾರಿಗಳ ಕಚೇರಿ ಆದದ್ದು ಆ ಭಾಗದವರಿಗೆ ನಿಜವಾದ ಉಪಕಾರ. ಗಟ್ಟಿ ಕಾಲಿನವರಿಗೆ ಎರಡು ಬಸ್ಸು ಬದಲಿಸುವುದು ದೊಡ್ಡದಲ್ಲ. ಗಾಲಿಕುರ್ಚಿಯಲ್ಲಿರುವ ಮಗನನ್ನು ತಾಯಿಯೊಬ್ಬಳು ಕರೆತರಬೇಕಾದರೆ ಅಂದಿನ ಕೂಲಿ ಹೋಯಿತು, ಜೊತೆಗೆ ಬಂದ ಆಳಿನ ಕೂಲಿ ಹೋಯಿತು, ಆಟೋದ ಬಾಡಿಗೆ ಆಯಿತು. 800 ರೂಪಾಯಿಯ ಮಾಸಾಶನಕ್ಕಾಗಿ ಒಂದೇ ದಿನದಲ್ಲಿ ಎರಡು ತಿಂಗಳ ಮಾಸಾಶನದಷ್ಟು ಖರ್ಚಾಗುವುದನ್ನು ಕಂಡಿದ್ದೇನೆ. ಅಷ್ಟಾದಮೇಲೂ ವೈದ್ಯರು ಇಂದು ಬಂದಿಲ್ಲ, ಬರುವ ವಾರ ಬನ್ನಿ ಎಂಬ ಉತ್ತರ ಸಿಕ್ಕರೆ ಆ ತಾಯಿಯ ಮುಖವನ್ನು ನೋಡಲಾಗುವುದಿಲ್ಲ.

ನನ್ನ ಅಕ್ಕನ ಮಗನ ಸಂಗತಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯ. ಅವನು ಇರುವುದು ಈ ನಾಲ್ಕರಲ್ಲಿ ಒಂದು ತಾಲ್ಲೂಕಿನ ಹಳ್ಳಿಯಲ್ಲಿ. 1970ರ ದಶಕದ ನಡುವಿನಲ್ಲಿ ಹುಟ್ಟಿದವನು. ಮನೆಮನೆಗೆ ಪೋಲಿಯೊ ಹನಿ ಬಂದದ್ದು ಪಲ್ಸ್ ಪೋಲಿಯೊ ಆರಂಭವಾದ 1995ರ ನಂತರ, ಅವನಿಗೆ ಜ್ವರ ಬಂದು ಎಡಗಾಲು ಸೋತದ್ದು ಅದಕ್ಕೂ ಎಷ್ಟೋ ಮೊದಲು. ನಮ್ಮ ದೇಶದಲ್ಲಿ ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, 2014ರ ಮಾರ್ಚಿನಲ್ಲಿ ಭಾರತ ಪೋಲಿಯೊಮುಕ್ತವೆಂದು ಘೋಷಣೆಯಾಯಿತು. ಅದು ಹೆಮ್ಮೆಯ ವಿಷಯ. ಆದರೆ ಮೊದಲೇ ಬಿದ್ದ ಕಾಲುಗಳು ಆ ಘೋಷಣೆಯಿಂದ ಎದ್ದು ನಿಲ್ಲಲಿಲ್ಲ. ಆ ಪೀಳಿಗೆಯವರಿಗೆ ಈಗ ವಯಸ್ಸಾಗುತ್ತಿದೆ. ಇಷ್ಟು ವರ್ಷ ಇಬ್ಬರ ಭಾರ ಹೊತ್ತ ಒಳ್ಳೆಯ ಕಾಲೂ ಈಗ ದಣಿಯುತ್ತಿದೆ.

ನನ್ನ ಸೋದರಳಿಯ ದರ್ಜಿ. ಹೊಲಿಗೆಯ ಯಂತ್ರದ ಪೆಡಲನ್ನು ಬಲಗಾಲೊಂದರಿಂದಲೇ ತುಳಿಯುತ್ತ ಒಂದು ಕಡೆಗೆ ವಾಲಿ ಕುಳಿತು ಮೂವತ್ತು ವರ್ಷ ಊರಿನವರ ಅಂಗಿ ರವಿಕೆಗಳನ್ನು ಹೊಲಿದಿದ್ದಾನೆ. ಹಳೆಯ ಜಿಲ್ಲೆಯ ಕಾಲದಲ್ಲಿ ಪಡೆದ ಗುರುತಿನ ಪುಸ್ತಕದಲ್ಲಿ ಅವನಿಗೆ ಶೇಕಡಾ 50 ಎಂದಿತ್ತು. 2021ರ ಜೂನ್ 1ರಿಂದ ಪ್ರಮಾಣಪತ್ರಗಳನ್ನೆಲ್ಲ ಗಣಕಯಂತ್ರದ ಮೂಲಕವೇ ಕೊಡತಕ್ಕದ್ದೆಂದಾಯಿತು, ಯು.ಡಿ.ಐ.ಡಿ. ಎಂಬ ಕಾರ್ಡು ಬಂತು. ಅದಕ್ಕಾಗಿ ಮತ್ತೆ ಅಳೆಸಿಕೊಳ್ಳಲು ಹೋದಾಗ ಬಂದ ಅಂಕಿ 36. ಮಾಸಾಶನ ನಿಂತಿತು. ಅಳೆದ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಅಂದು ಅಲ್ಲಿ ಇನ್ನೂರು ಜನರ ಸರದಿ ಇತ್ತು, ವೈದ್ಯರು ಇಬ್ಬರಿದ್ದರು.

"ಮಾವ, ಕಾಲು ಹ್ಯಾಗಿತ್ತೋ ಹಾಗೇ ಐತಿ. ಶೇಕಡಾ ಮಾತ್ರ ಸಣ್ಣದಾಗೈತಿ" ಎಂದು ಅವನು ನಕ್ಕ. ಅವನ ಹೆಂಡತಿ ನಗಲಿಲ್ಲ. ಆ ದುಡ್ಡಿನಿಂದಲೇ ಆಕೆ ತಿಂಗಳ ರೇಷನ್ನಿನ ಮೇಲಿನ ಸಾಮಾನು ತರುತ್ತಿದ್ದಳು.

ಇಂಥ ಕಡೆಯಲ್ಲಿಯೇ ನಮ್ಮ ಜನ ಕೈಚೆಲ್ಲಿ ಮನೆಗೆ ಹೋಗುವುದು. ಸರ್ಕಾರ ಇಲ್ಲವೆಂದಮೇಲೆ ಇಲ್ಲ ಎಂಬುದು ಅವರ ನಂಬಿಕೆ. ಆದರೆ 2016ರ ಕಾಯಿದೆಯ 59ನೇ ಕಲಮು, ಪ್ರಮಾಣಪತ್ರದ ವಿಷಯದಲ್ಲಿ ನೊಂದವನು ರಾಜ್ಯ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದೆಂದು ಸ್ಪಷ್ಟವಾಗಿ ಹೇಳುತ್ತದೆ. 2017ರ ನಿಯಮಗಳಂತೆ ಅದಕ್ಕೆ 90 ದಿನಗಳ ಅವಧಿ. ಮೇಲ್ಮನವಿದಾರನ ಮಾತನ್ನು ಕೇಳದೆ ಮೊದಲಿನ ತೀರ್ಮಾನವನ್ನು ಬದಲಾಯಿಸುವಂತಿಲ್ಲ, 60 ದಿನಗಳೊಳಗೆ ಇತ್ಯರ್ಥವಾಗಬೇಕು. ಅಪ್ರಾಪ್ತ ವಯಸ್ಸಿನವರ ಪರವಾಗಿ ಪೋಷಕರು ಸಲ್ಲಿಸಬಹುದು. ಇದು ಪ್ರಮಾಣಪತ್ರದ ಮಾತಾಯಿತು. ಪ್ರಮಾಣಪತ್ರ ಸರಿಯಾಗಿದ್ದೂ ತಾಲ್ಲೂಕು ಕಚೇರಿಯಲ್ಲಿ ಮಾಸಾಶನ ತಿರಸ್ಕೃತವಾದರೆ ಅದು ಕಂದಾಯ ಇಲಾಖೆಯ ವಿಷಯ, ಅದರ ದಾರಿ ಉಪವಿಭಾಗಾಧಿಕಾರಿಗಳ ಕಡೆಗೆ. ಈ ಎರಡನ್ನೂ ಕಲಸಿಕೊಂಡು ಆಸ್ಪತ್ರೆಗೆ ಕೊಡಬೇಕಾದ ಅರ್ಜಿಯನ್ನು ನಾಡಕಚೇರಿಗೂ ನಾಡಕಚೇರಿಯದನ್ನು ಆಸ್ಪತ್ರೆಗೂ ಕೊಟ್ಟು ತಿಂಗಳುಗಟ್ಟಲೆ ಕಾಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಯಾವ ಕಚೇರಿಯಲ್ಲಿಯೂ ಬಾಯಿಮಾತಿನ ಇಲ್ಲ ಎಂಬುದನ್ನು ಒಪ್ಪಿ ಹಿಂದಿರುಗಬಾರದು. ಲಿಖಿತ ಹಿಂಬರಹ ಕೇಳಿ ಪಡೆಯಬೇಕು, ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆಯಬೇಕು. ಹಿಂಬರಹದ ಮೇಲಿನ ತಾರೀಖು ಇಲ್ಲದೆ 90 ದಿನಗಳನ್ನು ಎಲ್ಲಿಂದ ಎಣಿಸುವುದು?

ಸೋದರಳಿಯನ ಮೇಲ್ಮನವಿಯನ್ನು ನಾವು ಎರಡೇ ಪುಟದಲ್ಲಿ ಬರೆದೆವು. ಕಷ್ಟಗಳ ವರ್ಣನೆ ಅದರಲ್ಲಿ ಇರಲಿಲ್ಲ. ಎಡಗಾಲನ್ನು ಅಳೆದಿದ್ದಾರೆ, ಬಾಗಿದ ಬೆನ್ನೆಲುಬನ್ನು ಅಳೆದಿಲ್ಲ ಎಂಬುದೊಂದೇ ಅದರ ತಿರುಳು. ಜೊತೆಗೆ ಬೆನ್ನಿನ ಎಕ್ಸ್‌ರೇ, ಹಳೆಯ ಪುಸ್ತಕದ ನಕಲು. ವಿಚಾರಣೆಗೆ ಕರೆ ಬಂದ ದಿನ ಅವನು ತಾನೇ ಹೊಲಿದ ಬಿಳಿಯ ಅಂಗಿ ತೊಟ್ಟು, ವಿಭೂತಿ ಧರಿಸಿ ಹೊರಟ.

ವಿಚಾರಣೆ ಎಂದೊಡನೆ ಕಟಕಟೆ, ಕರಿಯ ಕೋಟು ಎಂದೆಲ್ಲ ಅವನು ಹೆದರಿದ್ದ. ಅಲ್ಲಿ ಇದ್ದದ್ದು ಒಂದು ಉದ್ದನೆಯ ಮೇಜು, ಮೂವರು ಅಧಿಕಾರಿಗಳು, ಕಡತ ಹಿಡಿದ ಒಬ್ಬ ವಿಷಯ ನಿರ್ವಾಹಕ. ಹೊರಗಿನ ಬೆಂಚಿನ ಮೇಲೆ ಕಾದವರು ನಾನಾ ಬಗೆಯವರು. ಮಾತು ಬಾರದ ಮಗಳ ಕೈ ಹಿಡಿದ ತಂದೆ, ದೃಷ್ಟಿ ಮಂದವಾದ ಮುದುಕಿ, ಅಡಿಕೆಮರದಿಂದ ಬಿದ್ದು ನಡು ಮುರಿದ ಯುವಕ. ತಮ್ಮ ಸರದಿ ಬಂದಾಗ ಬಹುಮಂದಿ ಅತ್ತುಬಿಡುತ್ತಿದ್ದರು, ಇಲ್ಲವೇ ಕೈ ಮುಗಿದು ಸುಮ್ಮನೆ ನಿಂತುಬಿಡುತ್ತಿದ್ದರು. ತಮಗೆ ಸಿಕ್ಕ ಐದಾರು ನಿಮಿಷಗಳಲ್ಲಿ ಹೇಳಬೇಕಾದ ಒಂದು ಮಾತು ಅವರ ಬಾಯಿಂದ ಹೊರಡುತ್ತಿರಲಿಲ್ಲ.

ಅಧಿಕಾರಿ ಸೋದರಳಿಯನನ್ನು ಕೇಳಿದರು: "ನೀವು ಏನು ಕೆಲಸ ಮಾಡ್ತೀರಿ?"

"ಬಟ್ಟೆ ಹೊಲೀತೀನಿ ಸ್ವಾಮಿ."

"ಹಾಗಾದರೆ ದುಡಿಯೋಕೆ ಆಗುತ್ತಲ್ಲ?"

ಆ ಪ್ರಶ್ನೆಯಲ್ಲಿ ಕೊಂಕು ಇರಲಿಲ್ಲವೆಂದೇ ನನ್ನ ಭಾವನೆ. ಆದರೂ ನನಗೆ ಎದೆ ಧಸಕ್ಕೆಂದಿತು. ಕಾಯಕ ಮಾಡುವುದು ಗೌರವವೆಂದು ನಾವು ಅವನಿಗೆ ಬಾಲ್ಯದಿಂದ ಕಲಿಸಿದ್ದೆವು, ಅದೇ ಈಗ ಅವನ ವಿರುದ್ಧ ಸಾಕ್ಷಿಯಾಗುವ ಹಾಗಿತ್ತು. ಅವನು ಮಾತ್ರ ವಿಚಲಿತನಾಗಲಿಲ್ಲ. "ಆಗ್ತದ ಸ್ವಾಮಿ. ಮೊದಲು ದಿನಕ್ಕೆ ಐದು ಅಂಗಿ ಹೊಲೀತಿದ್ದೆ, ಈಗ ಎರಡು. ಆಮೇಲೆ ಬೆನ್ನು ಏಳಾಕ ಬಿಡಂಗಿಲ್ಲ" ಎಂದು, ಕೇಳದೆಯೇ ಅಂಗಿ ಎತ್ತಿ ಬೆನ್ನು ತಿರುಗಿಸಿದ. ಮೇಜಿನ ತುದಿಯಲ್ಲಿದ್ದ ವೈದ್ಯರು ಎದ್ದು ಬಂದು ಬೆನ್ನೆಲುಬಿನ ಮೇಲೆ ಬೆರಳಿಟ್ಟು ನೋಡಿದರು, ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮರುಪರೀಕ್ಷೆ ಆಗಲಿ ಎಂದು ಆದೇಶವಾಯಿತು. ಒಟ್ಟು ಹಿಡಿದ ಹೊತ್ತು ಎಂಟು ನಿಮಿಷ.

ಮರುಪರೀಕ್ಷೆಯಲ್ಲಿ ಕಾಲಿಗೆ ಅದೇ 36, ಬೆನ್ನಿಗೆ 10 ಬಂತು. ಎರಡನ್ನೂ ಕೂಡಿದರೆ 46 ಎಂದು ಮನೆಯವರೆಲ್ಲ ಹಿಗ್ಗಿದರು. ಆದರೆ ಕೂಡುವ ಕ್ರಮ ಹಾಗಲ್ಲ. ದೊಡ್ಡ ಅಂಕಿಯನ್ನು 90ರಿಂದ ಕಳೆದು, ಉಳಿದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಿಗೆ ಸೇರಿಸಬೇಕು. 90ರಲ್ಲಿ 36 ಹೋದರೆ 54. ಅದನ್ನು 10ರಿಂದ ಗುಣಿಸಿದರೆ 540. ಭಾಗಿಸಿದರೆ 6. ಒಟ್ಟು 42. ಲೆಕ್ಕದ ಮೇಷ್ಟ್ರಾಗಿದ್ದ ನನಗೂ ಈ ಸೂತ್ರವನ್ನು ಅಂದೇ ಮೊದಲ ಬಾರಿಗೆ ವಿಷಯ ನಿರ್ವಾಹಕರೊಬ್ಬರು ಕಾಗದದ ಮೇಲೆ ಬರೆದು ತೋರಿಸಿದರು. ಬೆನ್ನಿಗೆ 6 ಬಂದಿದ್ದರೆ ಮೊತ್ತ 40ರ ಒಳಗೇ ನಿಲ್ಲುತ್ತಿತ್ತು. ಅಕ್ಕನ ಸೊಸೆಗೆ ಇದನ್ನು ವಿವರಿಸಲು ಹೋಗಲಿಲ್ಲ. 42 ಎಂದಷ್ಟೇ ಹೇಳಿದೆ.

ಈ ಭಾಗದ ಜನಕ್ಕೆ ವಿಚಾರಣೆ ಎಂಬುದು ಹೊಸದಲ್ಲ. ಸಿರಿಗೆರೆಯಲ್ಲಿ ಸೋಮವಾರಗಳಂದು ನಡೆಯುವ ಸದ್ಧರ್ಮ ನ್ಯಾಯಪೀಠಕ್ಕೆ ಹೊಲದ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು ಮೊದಲಾದವನ್ನು ಹೊತ್ತು ಹೋದವರು ನಮ್ಮ ವಾಚಕರಲ್ಲಿಯೇ ಇರಬೇಕು. ಅಲ್ಲಿ ಮನುಷ್ಯ ತನ್ನ ಕಥೆಯನ್ನು ತಾತನ ಕಾಲದಿಂದ ಹೇಳಬಹುದು, ಎದುರುಪಕ್ಷದವನನ್ನು ಮುಖಾಮುಖಿ ನೋಡಬಹುದು. ಸರ್ಕಾರದ ವಿಚಾರಣೆಯಲ್ಲಿ ಎದುರುಪಕ್ಷವೆಂದರೆ ಒಂದು ಅಂಕಿ. ಅಂಕಿಯೊಡನೆ ರಾಜಿ ಪಂಚಾಯಿತಿ ಸಾಧ್ಯವಿಲ್ಲ. ಆದರೆ ಅಲ್ಲಿ ಹುಟ್ಟುವ ಆದೇಶಕ್ಕೆ ಕಾಯಿದೆಯ ಬಲವಿದೆ, ದೇಶದ ಯಾವ ಮೂಲೆಗೆ ಹೋದರೂ ಆ ಪ್ರಮಾಣಪತ್ರ ನಡೆಯುತ್ತದೆ. ಅಂಗವಿಕಲರ ರಾಜ್ಯ ಆಯುಕ್ತರು ಜಿಲ್ಲೆಗಳಿಗೆ ಬಂದು ಅದಾಲತ್ ನಡೆಸುವುದೂ ಉಂಟು. ಸಾಕ್ಷಿಗಳನ್ನು ಕರೆಸುವ, ದಾಖಲೆಗಳನ್ನು ತರಿಸುವ ವಿಷಯದಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವನ್ನು ಕಾಯಿದೆಯೇ ಕೊಟ್ಟಿದೆ. ಕಂದಾಯ ಇಲಾಖೆಯವರು ಹೋಬಳಿ ಮಟ್ಟದಲ್ಲಿ ನಡೆಸುವ ಪಿಂಚಣಿ ಅದಾಲತ್ತುಗಳಿಗೂ ಹೋಗಿದ್ದೇನೆ. ಅಲ್ಲಿ ಬರುವ ದೂರುಗಳಲ್ಲಿ ಹೆಚ್ಚಿನವು ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆಯಾಗದೆ ಹಣ ನಿಂತವು. ಅರ್ಧ ಗಂಟೆಯಲ್ಲಿ ಮುಗಿಯಬಹುದಾದ ಕೆಲಸಕ್ಕೆ ಆರು ತಿಂಗಳು ಹಣವಿಲ್ಲದೆ ಕುಳಿತವರನ್ನು ನೋಡಿದರೆ ಸಿಟ್ಟೂ ಬರುತ್ತದೆ, ಮರುಕವೂ ಆಗುತ್ತದೆ.

ಸಿಟ್ಟಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಅಂಗವಿಕಲರ ಅಹವಾಲನ್ನು ಮಹಡಿಯ ಮೇಲೆ ಕೇಳಿದ ಒಂದು ಕಚೇರಿಯನ್ನು ಕಂಡಿದ್ದೇನೆ. ಇಳಿಜಾರು ದಾರಿ ಇರಲಿಲ್ಲ. ಪ್ರಾಯಕ್ಕೆ ಬಂದ ಮಗನನ್ನು ಅಪ್ಪ ಬೆನ್ನಮೇಲೆ ಹೊತ್ತು, ಮೆಟ್ಟಿಲ ತಿರುವಿನಲ್ಲಿ ನಿಂತು ಸುಧಾರಿಸಿಕೊಂಡು ಹತ್ತಿದ. ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಸುಗಮವಾಗಿರಬೇಕೆಂದು ಸುಗಮ್ಯ ಭಾರತ ಅಭಿಯಾನ ಆರಂಭವಾದದ್ದು 2015ರ ಡಿಸೆಂಬರಿನಲ್ಲಿ. ಆ ಹುಡುಗ ತಲೆ ತಗ್ಗಿಸಿಯೇ ಇದ್ದ. ಬೇರೊಂದು ಊರಿನಲ್ಲಿ ಅಧಿಕಾರಿಯೊಬ್ಬರು ತಾವೇ ಕೆಳಗಿಳಿದು ಬಂದು ಅಂಗಳದ ಹೊಂಗೆಯ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಒಬ್ಬೊಬ್ಬರ ಮಾತನ್ನೂ ಕೇಳಿದರು. ಅದಕ್ಕೆ ಯಾವ ಅನುದಾನವೂ ಬೇಕಾಗಲಿಲ್ಲ.

ಊರಿನಲ್ಲಿ ಕಾಗದ ಓದಿ ಹೇಳುವವರು ಯಾರೂ ಇಲ್ಲವೆಂದು ಸುಮ್ಮನಿರಬೇಕಾಗಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಗ್ರಾಮೀಣ ಕಾರ್ಯಕರ್ತರು ತಾವೂ ಅಂಗವಿಕಲರೇ. ಅವರಿಗೆ ಸಿಗುವುದು ಗೌರವಧನವಷ್ಟೆ. ಆದರೂ ಮೂರು ಗಾಲಿಯ ಬಂಡಿಯಲ್ಲಿ ಹಳ್ಳಿ ಹಳ್ಳಿ ಸುತ್ತಿ ಅರ್ಜಿ ತುಂಬಿಸುವವರನ್ನು ನಾನು ಬಲ್ಲೆ. ದಾವಣಗೆರೆಯಲ್ಲಿ ಅಂಗವಿಕಲರ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಅಂಗವಿಕಲರು ಉಚಿತ ಕಾನೂನು ನೆರವಿಗೆ ಅರ್ಹರು. ಚನ್ನಗಿರಿ, ಹೊನ್ನಾಳಿ, ಜಗಳೂರುಗಳ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದರೆ ವಕೀಲರ ಶುಲ್ಕವಿಲ್ಲದೆ ಮೇಲ್ಮನವಿ ಬರೆಸಬಹುದು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ನಿವೃತ್ತ ಶಿರಸ್ತೇದಾರರು, ವೈದ್ಯರು, ವಕೀಲರು ಎಷ್ಟೋ ಮಂದಿ ಈ ಊರುಗಳಲ್ಲಿಯೇ ಇದ್ದಾರೆ. ತಿಂಗಳಿಗೊಂದು ದಿನ ಅವರು ಯಾರೊಬ್ಬರ ಜೊತೆಗಾದರೂ ಆ ಬೆಂಚಿನ ಮೇಲೆ ಕುಳಿತರೆ ಒಳಗೆ ಹೋಗುವವನ ಬಾಯಿಗೆ ಮಾತು ಬಂದೀತು.

ಸೋದರಳಿಯನ ಹೊಸ ಕಾರ್ಡು ಬಂದಿದೆ, ನಿಂತಿದ್ದ ಮಾಸಾಶನ ಮತ್ತೆ ಆರಂಭವಾಗಿದೆ. ನಡುವಿನ ಹನ್ನೊಂದು ತಿಂಗಳ ಬಾಕಿಗೆ ಬೇರೆ ಅರ್ಜಿ ಕೊಡಬೇಕೆಂದರು. ಅದನ್ನು ಕೊಟ್ಟಾಗಿದೆ, ಸ್ವೀಕೃತಿ ನನ್ನ ಬಳಿ ಇದೆ. ಜಗಳೂರು ಕಡೆಯ ನನ್ನ ಹಳೆಯ ಶಿಷ್ಯನೊಬ್ಬನ ಮಗಳಿಗೆ ಕಿವಿ ಕೇಳಿಸುವುದಿಲ್ಲ, ಆಕೆಯ ಹಿಂಬರಹಕ್ಕೆ ಇಂದಿಗೆ ಅರವತ್ತೆಂಟು ದಿನ. ಬರುವ ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಅವರ ಊರಿಗೆ ಹೊರಡಬೇಕು.